ಜೋರು ತಟ್ಟೆಯ ಎಂಟನೆಯ ಹಾಡು

ನಮ್ಮೂರಿಗೆ ಬಂದು ಹೋದವರೆಲ್ಲ ಒಂದೇ ಮಾತು ಹೇಳುತ್ತಾರೆ: ಎಂಥ ಸಭ್ಯ ಜನ. ಮೆಲ್ಲಗೆ ಮಾತಾಡುವವರನ್ನೆಲ್ಲ ಸಭ್ಯರೆಂದು ತಿಳಿಯುವ ಅವರ ಬುದ್ಧಿಗೆ ನಾನು ಏನೂ ಮಾಡಲಾರೆ. ನಮ್ಮವರು ಮೆಲ್ಲಗೆ ಮಾತಾಡುವುದು ಸಿಕ್ಕಿಬೀಳುವ ಹೆದರಿಕೆಯಿಂದ. ನಮ್ಮಲ್ಲಿ ಮನುಷ್ಯ ಜೋರಾಗಿ ಮಾಡಿದ ಸದ್ದು ಮಾಡಿದ ಜಾಗದಲ್ಲೇ ನಿಲ್ಲುತ್ತದೆ. ಆ ಜಾಗಕ್ಕೆ ಯಾರು ಕಾಲಿಟ್ಟರೂ ಅವರಿಗೆ ಅದು ಕೇಳುತ್ತದೆ, ಮಾಡಿದ ಗಳಿಗೆಯಲ್ಲಿ ಎಷ್ಟು ಹಸಿಯಾಗಿತ್ತೋ ಅಷ್ಟೇ ಹಸಿಯಾಗಿ. ಸಣ್ಣ ಕೂಗು ಒಂದು ಮಳೆಗಾಲ ಬಾಳುತ್ತದೆ, ದೊಡ್ಡದು ಹದಿನೈದು ವರ್ಷ. ಮೆಲ್ಲಗೆ ಆಡಿದ್ದು ಗಾಳಿಗೆ ಹೋಗುತ್ತದೆ. ನಾಯಿ ಬೊಗಳಿದ್ದು ನಿಲ್ಲುವುದಿಲ್ಲ, ಗುಡುಗು ನಿಲ್ಲುವುದಿಲ್ಲ, ಯಂತ್ರದ ಸದ್ದು ನಿಲ್ಲುವುದಿಲ್ಲ. ಹಾಗಾಗಿ ನಮ್ಮೂರಲ್ಲಿ ನೆಮ್ಮದಿಯಿಂದ ಬದುಕಿರುವವು ನಾಯಿಗಳು ಮಾತ್ರ.

ಮೋಸ, ಬೈಗುಳ, ಬೆದರಿಕೆ ಎಲ್ಲವನ್ನೂ ಪಿಸುಮಾತಿನಲ್ಲೇ ಮುಗಿಸುವುದನ್ನು ನಮ್ಮವರು ಚೆನ್ನಾಗಿ ಕಲಿತಿದ್ದಾರೆ. ಬಾಡಿಗೆ ಮನೆ ನೋಡಲು ಹೋದವರು ಮೊದಲು ಒಂದೊಂದು ಕೋಣೆಯಲ್ಲೂ ಅಡ್ಡಾಡಿ ಕಿವಿ ಹಾಯಿಸುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಯಾವಳೋ ಸೊಸೆಯ ಚೀರು ಸಿಕ್ಕಿದರೆ ಮೂಗು ಮುರಿದು ಹೊರಟುಬಿಡುತ್ತಾರೆ. ಸೊಸೆ ಯಾಕೆ ಚೀರಿದಳು ಎಂದು ಕೇಳಿದ ಒಬ್ಬನನ್ನೂ ನಾನು ಕಂಡಿಲ್ಲ. ಇದೆಲ್ಲದರ ಮೇಲೆ ಸದ್ದು ಸಮಿತಿ ಎಂಬುದೊಂದಿದೆ. ನೋವಿನ ಕೂಗು ನಿಂತ ಕಟ್ಟಡಕ್ಕೆ ಅವರು ಬಂದು ಹಗ್ಗ ಕಟ್ಟುತ್ತಾರೆ. ಕೂಗು ಆರುವವರೆಗೆ ಅಲ್ಲಿ ಯಾರೂ ಇರುವಂತಿಲ್ಲ, ಯಾರೂ ದುಡಿಯುವಂತಿಲ್ಲ. ನೋವು ಆದವನಿಗೆ ಏನು ಮಾಡಬೇಕೆಂದು ಸಮಿತಿಯ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ.

ನಾನು ಮೈಲಾರಿ. ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದು ಶಾಲೆಯವರ ಮಾತು. ಗಣಿತದ ಮೇಷ್ಟ್ರು ನನ್ನ ಕಿವಿ ಹಿಂಡುತ್ತ, ಮೆಲ್ಲಗೆ, ಬಹಳ ಮೆಲ್ಲಗೆ, ನಮ್ಮಪ್ಪನ ಮೊಂಡುಗೈಯ ಬಗ್ಗೆ ಒಂದು ಮಾತು ಅಂದರು. ನಾನು ತಿರುಗಿ ಅಂದದ್ದು ಮೆಲ್ಲಗಿರಲಿಲ್ಲ. ಅವರ ಮಾತು ಗಾಳಿಗೆ ಹೋಯಿತು, ನನ್ನದು ಕರಿಹಲಗೆಯ ಮುಂದೆ ನಿಂತುಕೊಂಡಿತು. ಹೆಡ್‌ಮಾಸ್ಟರು ಬಂದು ಕೇಳಿಸಿಕೊಂಡದ್ದು ಯಾರದ್ದನ್ನು ಎಂದು ಬೇರೆ ಹೇಳಬೇಕೇ? ಆ ಕೋಣೆಯಲ್ಲಿ ಮೂರು ವರ್ಷ ಸೌದೆ ಒಟ್ಟಿದರು.

ಅಪ್ಪನ ಕೈಯ ಕಥೆ ಊರಿಗೆಲ್ಲ ಗೊತ್ತು. ಅಪ್ಪ ಯಮನೂರಪ್ಪ ರಾಚಪ್ಪ ಸಾಹುಕಾರನ ಹತ್ತಿ ಗಿರಣಿಯಲ್ಲಿ, ಬೀಜ ಬಿಡಿಸುವ ಯಂತ್ರದ ಮೇಲಿದ್ದ. ಹನ್ನೊಂದು ವರ್ಷದ ಹಿಂದೆ ಅವನ ಬಲಗೈ ಉರುಳೆಗೆ ಸಿಕ್ಕಿತು. ಸಿಕ್ಕಾಗ ಅವನು ಕೂಗಲಿಲ್ಲವಂತೆ. ಸ್ವಿಚ್ಚಿನ ಕಡೆ ತಿರುಗಿ, "ಸ್ವಲ್ಪ ನಿಲ್ಲಿಸ್ತೀರಾ?" ಎಂದು ಮೆಲ್ಲಗೆ ಕೇಳಿದನಂತೆ. ಹನ್ನೆರಡು ಯಂತ್ರಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲವಂತೆ. ಯಾರೋ ನೋಡಿ ಆ ಒಂದು ಯಂತ್ರದ ಬೆಲ್ಟು ಜಾರಿಸುವ ಹೊತ್ತಿಗೆ ಮೊಣಕೈವರೆಗೆ ಹೋಗಿತ್ತು. ಸಮಿತಿ ಅವನಿಗೆ ಶಾಲು ಹೊದಿಸಿತು, ಮೌನವೀರ ಎಂದು ಬಿರುದು ಕೊಟ್ಟಿತು. ಸಾಹುಕಾರ ಅವನನ್ನು ಗಿರಣಿಯ ಗೇಟಿನಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದ. ಪ್ರತಿ ವರ್ಷ ಶಾಲೆಯಲ್ಲಿ ಮಕ್ಕಳಿಗೆ ಈ ಕಥೆ ಹೇಳುತ್ತಾರೆ, ಮಕ್ಕಳು ಪುಟ್ಟ ಕೈಗಳಿಂದ ಸದ್ದಾಗದಂತೆ ಚಪ್ಪಾಳೆ ತಟ್ಟುತ್ತಾರೆ. ಊರಿನ ಮೇಲೆ ನನಗಿದ್ದ ಸಿಟ್ಟು ಎಷ್ಟೋ, ಅಪ್ಪನ ಮೇಲಿದ್ದ ತಾತ್ಸಾರವೂ ಅಷ್ಟೇ. ಕೈ ಅರೆಯುವಾಗಲೂ ಮರ್ಯಾದೆ ನೋಡಿಕೊಂಡ ಮನುಷ್ಯನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವುದು ನನಗೆ ಕಷ್ಟವಾಗುತ್ತಿತ್ತು.

ಶಾಲೆ ಬಿಡಿಸಿದ ಮೇಲೆ ರಾಜೇಸಾಬರ ಅಂಗಡಿ ಸೇರಿದೆ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಗಟ್ಟಲೆ ಸುತ್ತು ಹಾಕುವುದನ್ನು ಕಲಿತವನಿಗೆ ಗಿಟಾರಿಗೆ ತಂತಿಯ ಸದ್ದು ಹಿಡಿಯುವ ಕರೆಂಟಿನ ಕಿವಿ ಕಟ್ಟುವುದು ದೊಡ್ಡದಲ್ಲ. ಮುರಿದ ಮಂಚದ ಸಾಗವಾನಿಯಿಂದ ಮೈ ಕೆತ್ತಿದೆ, ಹಳೆಯ ಸ್ಪೀಕರಿನ ಆಯಸ್ಕಾಂತ ಕೂರಿಸಿದೆ, ಸುತ್ತಿದೆ. ಡ್ರಮ್ಮಿಗೆ ಫಕ್ಕೀರೇಶ ಸಿಕ್ಕ. ಅವನ ಮನೆತನದವರು ಮೆರವಣಿಗೆಯಲ್ಲಿ ಹಲಗೆ ಬಾರಿಸುವವರು. ನಮ್ಮೂರಲ್ಲಿ ಹಲಗೆಗೆ ಕಂಬಳಿ ಸುತ್ತಿ ಬಾರಿಸಬೇಕು. ತಲೆಮಾರುಗಟ್ಟಲೆ ಕಂಬಳಿ ಬಾರಿಸಿದ ಸಿಟ್ಟು ಆ ಹುಡುಗನ ತೋಳಿನಲ್ಲಿತ್ತು. ಹಾಡಲು ಚಿದಾನಂದ ಬಂದ. ಸಾಹುಕಾರನ ಮಗ, ಹೊರಗಿನ ಪಟ್ಟಣದಲ್ಲಿ ಓದಿ, ಓದಿದ್ದಕ್ಕಿಂತ ಹೆಚ್ಚು ಹಾಡಿ ಬಂದವನು. ಬೆಲ್ಲದಂಥ ಗಂಟಲು, ಸೋಫಾದಂಥ ಸ್ವಭಾವ. ಯಾರು ಬೇಕಾದರೂ ಕೂತು ಏಳಬಹುದು. ನಾವು ಮೂವರೂ ಸೇರಿ ಕಿಡಿಗೇಡಿಗಳು ಎಂದು ಹೆಸರಿಟ್ಟುಕೊಂಡೆವು.

ಜೋಡಿ ತಟ್ಟೆಯ ಯೋಚನೆ ಚಿದುವಿನದೇ, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದೇ ಕವರಿನಲ್ಲಿ ಎರಡು ಗ್ರಾಮಫೋನ್ ತಟ್ಟೆ. ಒಂದರಲ್ಲಿ ಜೋರಿನ ಎಂಟು ಹಾಡು, ಇನ್ನೊಂದರಲ್ಲಿ ಮೆಲುವಿನ ಎಂಟು. ಎರಡನ್ನೂ ಕೊಳ್ಳಬೇಕು, ಬಿಡಿಸಿ ಮಾರುವುದಿಲ್ಲ. ತಟ್ಟೆ ಎಷ್ಟು ಜೋರಾಗಿ ಹಾಡಿದರೂ ಅದು ಯಂತ್ರದ ಸದ್ದು, ಎಲ್ಲೂ ನಿಲ್ಲುವುದಿಲ್ಲ. ಆದರೂ ಸಮಿತಿಯವರು ಜೋರು ಎಂಬ ಮಾತಿಗೇ ಬೆವತರು. ಸಾಹುಕಾರ ಸಮಿತಿಯ ಅಧ್ಯಕ್ಷನಾದ್ದರಿಂದ ಹೇಗೋ ಒಪ್ಪಿಗೆ ಸಿಕ್ಕಿತು.

ಮೆಲುವಿನ ಹಾಡುಗಳನ್ನು ಚಿದುವಿನ ಮನೆಯ ಹಾಲಿನಲ್ಲಿ, ಮಜ್ಜಿಗೆ ಕುಡಿಯುತ್ತ ಧ್ವನಿಮುದ್ರಿಸಿದೆವು. ನನಗೊಂದು ಕರೆಂಟಿಲ್ಲದ ಗಿಟಾರು ಕೊಟ್ಟರು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ತಂತಿ ಎಳೆದೆ. ಫಕ್ಕೀರೇಶನಿಗೆ ಎರಡು ಚಮಚ ಕೊಟ್ಟರು. ಅವನು ಅವನ್ನು ತಿರುಗಿಸಿ ಮುರುಗಿಸಿ ನೋಡಿ, "ಉಪ್ಪಿಟ್ಟು ಎಲ್ಲೈತಿ?" ಎಂದು ಕೇಳಿದ.

ಜೋರಿನವಕ್ಕೆ ಊರ ಹೊರಗೆ ಹೋಗಬೇಕಿತ್ತು. ಕೆರೆಯಂಗಳ, ಪಾಳು ಇಟ್ಟಿಗೆ ಭಟ್ಟಿ, ಕಲ್ಲಿನ ಕ್ವಾರಿ, ಸೇತುವೆಯ ಕೆಳಗು. ಡೀಸೆಲ್ ಜನರೇಟರು, ಆಂಪ್ಲಿಫೈಯರು, ಬಾಡಿಗೆಗೆ ತಂದ ಟೇಪ್ ಯಂತ್ರ ಎಲ್ಲವನ್ನೂ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಅಲೆದೆವು. ಭಟ್ಟಿಯಲ್ಲಿ ಎರಡನೆಯ ಹಾಡಿನ ನಡುವೆ ಫಕ್ಕೀರೇಶನ ಕೋಲು ಜಾರಿತು. ಇನ್ನೊಮ್ಮೆ ಎಂದ ಚಿದು. ನಾವು ಮೂವರೂ ಈ ಊರಲ್ಲೇ ಹುಟ್ಟಿ ಬೆಳೆದವರು, ಆದರೂ ಒಬ್ಬರಿಗೂ ಹೊಳೆಯಲಿಲ್ಲ. ನಿಂತಲ್ಲೇ ನಿಂತು ಮತ್ತೆ ಬಾರಿಸಿದೆವು. ಟೇಪ್ ಕೇಳಿದರೆ ಎರಡು ಬ್ಯಾಂಡು ಒಂದರ ಕುತ್ತಿಗೆ ಒಂದು ಹಿಡಿದಿದ್ದವು. ಹೊರಗಿನ ಸ್ಟುಡಿಯೋದವನು ಕೇಳಿ, "ನಿಮ್ಮಲ್ಲಿ ಎಷ್ಟು ಜನ ಡ್ರಮ್ಮರು ಸ್ವಾಮಿ?" ಎಂದ. ಅವತ್ತಿನಿಂದ ನಮ್ಮದೊಂದು ಕಟ್ಟಳೆಯಾಯಿತು: ಒಂದು ಜಾಗಕ್ಕೆ ಒಂದೇ ಹಾಡು, ಒಂದೇ ಸಲ. ತಪ್ಪಿದರೆ ಬಂಡಿ ಹೂಡು, ಬೇರೆ ಜಾಗ ಹುಡುಕು.

ಹೀಗೆ ಏಳು ಆಯಿತು. ಎಂಟನೆಯದು ನನ್ನದು, ಅಪ್ಪನ ಹಾಡು. ಮೊದಲ ಸಾಲು 'ಸ್ವಲ್ಪ ನಿಲ್ಲಿಸ್ತೀರಾ' ಎಂದು, ಭಿಕ್ಷೆ ಕೇಳಿದ ಹಾಗೆ, ಒಂದೇ ಸಲ. ಆಮೇಲೆ ಡ್ರಮ್ಮು, ಗಿಟಾರು, ಮೂವರ ಗಂಟಲು ಒಟ್ಟಿಗೆ ಮೈಮೇಲೆ ಬೀಳಬೇಕು. ಅಪ್ಪ ಕೂಗದೆ ಉಳಿಸಿಟ್ಟ ಕೂಗನ್ನೆಲ್ಲ ನಾನು ಕೂಗಿ ಮುಗಿಸಬೇಕು. ಅದಕ್ಕಾಗಿಯೇ ನಾನು ಆ ಬ್ಯಾಂಡಿನಲ್ಲಿದ್ದೆ, ಉಳಿದ ಹದಿನೈದು ಹಾಡು ನನಗೆ ಲೆಕ್ಕಕ್ಕೇ ಇರಲಿಲ್ಲ.

ಒಂದು ಮಧ್ಯಾಹ್ನ ಚಿದು ನಗುನಗುತ್ತ ಅಂಗಡಿಗೆ ಬಂದು ಬೆಂಚಿನ ಮೇಲೆ ಕವರು ಇಟ್ಟ. ಪುಸ್ತಕದಂತೆ ತೆರೆದುಕೊಳ್ಳುವ ಕವರು, ಒಳಗೆ ಎರಡು ಜೇಬು. ಬಲಗಡೆಯದರಲ್ಲಿ ಕರಿಯ ತಟ್ಟೆ, ಎಡಗಡೆಯದು ಖಾಲಿ.

ರಾಜೇಸಾಬರು ಕನ್ನಡಕ ಹಣೆಗೇರಿಸಿ ನೋಡಿದರು. "ಇದೇನಲೇ ಚಿದಾನಂದಾ, ಒಂದ ಕಾಲಿಗೆ ಚಪ್ಪಲಿ ಹಾಕ್ಕೊಂಡು ಮದವಿಗೆ ಹೊಂಟಂಗ ಐತಿ."

"ಜೋರಿಂದು ಆಮ್ಯಾಲ ಬರ್ತದ ಚಾಚಾ. ಮೊದಲು ಇದು ಹೊರಗ ಬರ್ಲಿ ಅಂದ್ರು ಸಮಿತಿಯವ್ರು. ಬರೋ ಐತವಾರ ಸಭಾಭವನದಾಗ ಬಿಡುಗಡೆ."

ನಾನು ತಟ್ಟೆ ತೆಗೆದು ನಡುವಿನ ಚೀಟಿ ಓದಿದೆ. ಎಂಟನೆಯ ಹಾಡು, 'ಸ್ವಲ್ಪ ನಿಲ್ಲಿಸ್ತೀರಾ'.

"ಇದು ಇಲ್ಲಿ ಏನ್ ಮಾಡಾಕತ್ತೇತಿ?"

"ಮೈಲಾರಿ, ಮೊದಲು ಕೇಳು. ಒಂದಿನ ಸುಮ್ನ ಕುಂತು ಹಾಡಿದೆ. ಅಪ್ಪಾಜಿ ಕೇಳಿ ಅತ್ತಬಿಟ್ರು."

"ನಿಮ್ಮಪ್ಪ ಅತ್ತನಂತ ನಮ್ಮಪ್ಪನ ಹಾಡು ಜೋಗುಳ ಮಾಡಿದಿ?"

"ಸಣ್ಣಗ ಹಾಡಿದ್ರ ಮಂದಿಗೆ ಮುಟ್ಟತದೋ. ನೀ ಒದರಿದ್ರ ಕಿವಿ ಮುಚ್ಕೊಂತಾರ. ಯಾವುದು ಬೇಕು ನಿಂಗ, ಹೇಳು?"

"ಕಿವಿ ಮುಚ್ಕೊಳ್ಳೋದ ಬೇಕು. ಕಿವಿ ಐತಿ ಅಂತರೆ ಗೊತ್ತಾಕ್ಕೇತಿ."

ಅವನು ಅಂಗಡಿಯ ಪ್ಲೇಯರಿನ ಮೇಲೆ ತಟ್ಟೆ ಇಟ್ಟ. ಹಾಡು ಚೆನ್ನಾಗಿತ್ತು, ಅದೇ ಮೈ ಉರಿಸಿದ್ದು. ಅವನ ಗಂಟಲಲ್ಲಿ ನಮ್ಮಪ್ಪ ದೇವರಂತೆ ಹೊಳೆಯುತ್ತಿದ್ದ. 'ಅರೆಯಿತು' ಎಂದು ನಾನು ಬರೆದ ಕಡೆ 'ಉದುರಿತು' ಎಂದು ಹಾಡಿದ್ದ. ಕೈ ಏನು ಪಾರಿಜಾತವೇ ಉದುರಲಿಕ್ಕೆ? ಹಾಡು ಮುಗಿದಾಗ ರಾಜೇಸಾಬರು ಗ್ರೀಸು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿ ನಾಚಿದರು. "ನಾ ಏನ್ ಮಾಡ್ಲೆಪ್ಪ. ಛಲೋ ಐತಿ ಸುಡುಗಾಡು."

"ಆತು," ಎಂದೆ. "ಜೋರು ತಟ್ಟಿಗೂ ಅದ ಹಾಡು ಎಂಟನೇದು. ಅದನ್ನ ನಿಮ್ಮ ಗಿರಣ್ಯಾಗ, ಅಪ್ಪ ಕೈ ಕಳಕೊಂಡ ಯಂತ್ರದ ಮುಂದ ನಿಂತು ಹಾಡತೀನಿ. ಅಲ್ಲೇ ಹದಿನೈದು ವರ್ಷ ನಿಲ್ಲಲಿ ಅದು."

ಚಿದು ಒಪ್ಪಿದ. "ಅಪ್ಪಾಜಿ ಇಲ್ಲ ಅನ್ನಂಗಿಲ್ಲ," ಎಂದ. ಆ ಹೊತ್ತಿನಲ್ಲೇ ಫಕ್ಕೀರೇಶನನ್ನೂ ಕರೆದುಕೊಂಡು ಸಾಹುಕಾರನ ಕಚೇರಿಗೆ ಹೋದೆವು. ಸಾಹುಕಾರ ನಮಗೆ ಕುರ್ಚಿ ಕೊಡಿಸಿದ, ಚಹಾ ತರಿಸಿದ. ಆ ಮನುಷ್ಯನ ಧ್ವನಿ ಎಷ್ಟು ಮೆತ್ತಗೆಂದರೆ ಬಗ್ಗಿ ಕೇಳಬೇಕು, ಬಗ್ಗಿದವನು ನಮಸ್ಕಾರ ಮಾಡಿದ ಹಾಗೇ ಕಾಣುತ್ತಾನೆ.

"ಗಿರಣಿ ಒಂದು ಗಳಿಗೇನೂ ನಿಲ್ಲಂಗಿಲ್ಲಪ್ಪ. ಅದು ನನ್ನ ವ್ರತ," ಎಂದ.

"ಹತ್ತಿ ಇಲ್ಲದ ಕಾಲದಾಗೂ ಖಾಲಿ ಯಂತ್ರ ತಿರಗತಾವು. ಅರ್ಧ ತಾಸು ನಿಲ್ಲಿಸಿದ್ರ ಏನ್ ಗಂಟು ಹೋಕ್ಕೇತಿ?"

"ಬ್ಯಾರೆ ಎಲ್ಲಿ ಬೇಕಾದ್ರೂ ಹಾಡು ಮೈಲಾರಿ. ಪ್ಯಾಟಿ ಚೌಕದಾಗ ಹಾಡು, ಸಮಿತಿ ಒಪ್ಪಿಗಿ ನಾ ಕೊಡಸ್ತೀನಿ. ಗಿರಣ್ಯಾಗ ಮಾತ್ರ ಬ್ಯಾಡ."

ಹೊರಗೆ ಬಂದಾಗ ಚಿದು ಹೆಗಲು ಹಾರಿಸಿದ. ಫಕ್ಕೀರೇಶ ಗಿರಣಿಯ ಕಡೆ ನೋಡುತ್ತ ನಿಂತಿದ್ದ. ಮಾತು ಕಡಿಮೆ ಅವನದು. "ಊರ ನಟ್ಟನಡುವ ಬಾರಿಸ್ರಿ ಅಂದ. ಗಿರಣ್ಯಾಗ ಮಾತ್ರ ಬ್ಯಾಡಂತ. ಯಾಕ?" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬಂಡಿ ಏರಿದ.

ಮನೆಯಲ್ಲಿ ಅಪ್ಪ ಮೊಂಡುಗೈಯಿಂದ ಬದನೆಕಾಯಿ ಅದುಮಿ ಹಿಡಿದು ಎಡಗೈಯಿಂದ ಹೆಚ್ಚುತ್ತಿದ್ದ. ನಾನು ಹೊಸ್ತಿಲಲ್ಲೇ ಶುರುಮಾಡಿದೆ. ಸಾಹುಕಾರನನ್ನು ಬೈದೆ, ಚಿದುವನ್ನು ಬೈದೆ, ಕೊನೆಗೆ ಎಂದಿನಂತೆ ಅಪ್ಪನಿಗೇ ಬಂದು ನಿಂತೆ. "ಒಂದ ಸಲ, ಒಂದ ಸಲ ಬಾಯಿ ಬಿಟ್ಟು ಕೂಗಿದ್ರ ನಿನ್ನ ಗಂಟೇನು ಹೋಕ್ಕಿತ್ತು?"

ಅಪ್ಪ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬ್ಯಾರೆ ಎಲ್ಲರೆ ಹಾಡ್ಕೋಳೋ. ಗಿರಣ್ಯಾಗ ಬ್ಯಾಡ."

"ನೀನೂ ಅದನ್ನ ಅಂತಿ? ಯಾಕ ಬ್ಯಾಡ?"

"ಅಲ್ಲಿ ಜಾಗ ಇಲ್ಲ."

"ಜಾಗ ಇಲ್ಲ ಅಂದ್ರ?"

"ಒಂದ ಜಾಗಕ್ಕ ಒಂದ ಹಾಡು ಅಂತೀರಲ್ಲ ನೀವು," ಎಂದು ಅಪ್ಪ ಚಾಕು ಬದಿಗಿಟ್ಟ. "ಅಲ್ಲಿ ನಂದು ಐತಿ."

ಅಪ್ಪ ಗೋಡೆಗೆ ಒರಗಿ, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ. ಅವನು ಕೂಗಿದ್ದ. ಒಂದಲ್ಲ, ಮೂರು ಸಲ. ದೊಡ್ಡ ಸ್ವಿಚ್ಚಿನ ಹತ್ತಿರ ಇದ್ದವನು ಸಾಹುಕಾರನೇ. ಆ ಸ್ವಿಚ್ಚು ಇಳಿಸಿದರೆ ಹನ್ನೆರಡೂ ಯಂತ್ರ ನಿಲ್ಲುತ್ತಿದ್ದವು, ಹನ್ನೆರಡರಲ್ಲೂ ಹತ್ತಿ ಸಿಕ್ಕಿಕೊಂಡು ಅರ್ಧ ದಿನದ ಕೆಲಸ ಹಾಳಾಗುತ್ತಿತ್ತು. ಅವನು ಸ್ವಿಚ್ಚು ಬಿಟ್ಟು, ಬೆಲ್ಟು ಜಾರಿಸುವ ಕೋಲು ಹುಡುಕಲು ಹೋದ. ಆಮೇಲೆ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತು ಕಿವಿಯಲ್ಲಿ ಹೇಳಿದ: ಕೂಗಿದ್ದು ಹೊರಗೆ ಗೊತ್ತಾದರೆ ಸಮಿತಿ ಗಿರಣಿಗೆ ಹಗ್ಗ ಕಟ್ಟುತ್ತದೆ, ಹದಿನೈದು ವರ್ಷ, ನಲವತ್ತು ಹೆಂಗಸರು ಬೀದಿಗೆ ಬೀಳುತ್ತಾರೆ.

"ಅದಕ್ಕ ಶಾಲು ಹೊದಿಸಿದ್ರು, ಹೊದ್ಕೊಂಡೆ," ಎಂದ ಅಪ್ಪ. "ಬಾಜೂ ಯಂತ್ರದಾಗಿದ್ದ ಕಲ್ಲವ್ವ ಕೇಳ್ಯಾಳ. ಬ್ಯಾರೆ ಯಾರೂ ಕೇಳಿಲ್ಲ. ಯಂತ್ರ ತಿರಗತಿರೂತನಾ ಅದು ಕೇಳ್ಸಂಗಿಲ್ಲ. ಆರಾಕ ಇನ್ನ ನಾಕ ವರ್ಷ ಐತಿ. ಬಿಡು."

ಗಿರಣಿ ನಿಲ್ಲಬಾರದೆಂದು ಕರೆಂಟು ಹೋದರೆ ಡೀಸೆಲ್ ಎಂಜಿನ್ನು, ಒಂದು ಮೋಟಾರು ಸುಟ್ಟರೆ ಕ್ಷಣದಲ್ಲಿ ಇನ್ನೊಂದು. ಅದನ್ನು ಊರು ಶ್ರದ್ಧೆ ಎಂದು ಕರೆಯುತ್ತಿತ್ತು. ಆ ಎರಡು ಮೋಟಾರುಗಳಿಗೂ ವರ್ಷ ವರ್ಷ ತಂತಿ ಸುತ್ತಿಕೊಟ್ಟವನು ನಾನು. ನನ್ನಪ್ಪನ ಬಾಯಿಗೆ ಬಟ್ಟೆ ತುರುಕುವ ಕೆಲಸವನ್ನು ಬಲು ನೀಟಾಗಿ, ಒಂದು ಸುತ್ತೂ ತಪ್ಪದಂತೆ ಮಾಡಿದ್ದೆ. ಅದು ಸಾಲದು ಎಂದು ಹಾಡು ಬೇರೆ ಕಟ್ಟಿದೆ. ಕೂಗಿದವನನ್ನು ಕೂಗದವನೆಂದು ಹೀಗಳೆಯುವ ಹಾಡು. ಜೋರಾಗಿ ಹಾಡಿದರೂ ಅದು ಸುಳ್ಳು, ಮೆಲ್ಲಗೆ ಹಾಡಿದರೂ ಸುಳ್ಳು. ಸಾಹುಕಾರ ಯಾಕೆ ಅತ್ತನೆಂದು ಆಗ ತಿಳಿಯಿತು. ಅವನ ಸುಳ್ಳಿಗೆ ಸಾಹಿತ್ಯ ಸಂಗೀತ ಎರಡೂ ಸಿಕ್ಕಿದ್ದವು, ಅದೂ ಪುಕ್ಕಟೆ.

"ನಂಗರೆ ಹೇಳಬೇಕಿತ್ತು," ಎಂದೆ.

"ನಿನ್ನ ಬಾಯಿ ನಂಗ ಗೊತ್ತಿಲ್ಲೇನು?" ಎಂದ ಅಪ್ಪ. ಆಮೇಲೆ, "ನೀ ನನ್ನ ಮಾರಿ ನೋಡದ ಉಣ್ಣತಿದ್ದಿ. ಅವಾಗ ಹೇಳಬೇಕು ಅನಸ್ತಿತ್ತು," ಎಂದ. ಬದನೆಕಾಯಿ ಮತ್ತೆ ಹಿಡಿದ.

ಭಾನುವಾರ ಹನ್ನೊಂದು ಗಂಟೆಗೆ ಊರೆಲ್ಲ ಸಭಾಭವನದಲ್ಲಿತ್ತು. ಅಪ್ಪನನ್ನು ವೇದಿಕೆಯ ಮೇಲೆ ಶಾಲು ಹೊದಿಸಿ ಕೂರಿಸಿದ್ದರು. ನಾನು ಮತ್ತು ಫಕ್ಕೀರೇಶ ಅಲ್ಲಿ ಗಿಟಾರು ಚಮಚ ಹಿಡಿದು ಚಿದುವಿನ ಎಡಬಲದಲ್ಲಿ ಕೂರಬೇಕಿತ್ತು. ನಾವು ಟೇಪ್ ಯಂತ್ರ, ಬ್ಯಾಟರಿ ಹೊತ್ತುಕೊಂಡು ಗಿರಣಿಗೆ ಹೋದೆವು. ಗೇಟಿನ ಸ್ಟೂಲು ಖಾಲಿ ಇತ್ತು.

ಒಳಗೆ ಹತ್ತಿಯ ಧೂಳು, ಹನ್ನೆರಡು ಯಂತ್ರಗಳ ಗದ್ದಲ, ನಲವತ್ತು ಹೆಂಗಸರು. ಊರಿಗೆ ರಜೆ, ಅವರಿಗಲ್ಲ. ನಾನು ನೇರ ದೊಡ್ಡ ಸ್ವಿಚ್ಚಿನ ಕಡೆ ನಡೆದೆ. ಕಲ್ಲವ್ವ ಎದ್ದು ಬಂದು ಅಡ್ಡ ನಿಂತಳು. ಐವತ್ತು ದಾಟಿದ ಹೆಂಗಸು, ಹುಬ್ಬಿನ ಮೇಲೂ ಹತ್ತಿ. ಈ ಗದ್ದಲದಲ್ಲಿ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಬೇಕು.

"ಏನ್ ಮಾಡಾಕ ಬಂದಿ?"

"ನಿಂಗ ಗೊತ್ತೈತಿ ಏನ್ ಮಾಡಾಕ ಬಂದೀನಿ ಅಂತ."

"ಹಗ್ಗ ಕಟ್ಟತಾರ. ಇವರಿಗೆಲ್ಲ ನಿಮ್ಮ ಗಿಟಾರು ಅನ್ನ ಹಾಕತೈತೇನು?"

ನಾನು ಅವಳ ಕಿವಿಗೆ ಬಗ್ಗಿ ಹೇಳಿದೆ: "ಇವತ್ತು ಅಲ್ಲಿ ಚಿದಾನಂದನ ತಟ್ಟಿ ಬಿಡಾಕತ್ತಾರ. ನಮ್ಮಪ್ಪ ಕೂಗಲೇ ಇಲ್ಲ ಅಂತ ಅದರಾಗ ಐತಿ. ನಾನ ಬರದೀನಿ. ಅದು ಊರೂರಿಗೆ ಹೋಕ್ಕೇತಿ. ನಾಕ ವರ್ಷಕ್ಕ ಇಲ್ಲಿಂದು ಆರತೈತಿ, ತಟ್ಟಿ ಆರಂಗಿಲ್ಲ. ನಂಗ ಇದರ ಟೇಪ್ ಬೇಕು, ಅಷ್ಟ. ಆಮ್ಯಾಲ ಹಾಕ್ಕೊಂಡು ಬಿಡ್ರಿ ಸ್ವಿಚ್ಚು."

ಕಲ್ಲವ್ವ ತಿರುಗಿ, ಹತ್ತಿರದ ನಾಲ್ಕು ಹೆಂಗಸರ ಕಿವಿಯಲ್ಲಿ ಏನೋ ಹೇಳಿದಳು. ಅವರು ಉಳಿದವರ ಕಿವಿಗೆ ದಾಟಿಸಿದರು. ಒಬ್ಬಳು ತಲೆ ಅಲ್ಲಾಡಿಸಿ ಅಳತೊಡಗಿದಳು, ಇನ್ನೊಬ್ಬಳು ಅವಳ ರಟ್ಟೆ ಹಿಡಿದಳು. ಒಬ್ಬೊಬ್ಬರೇ ತಮ್ಮ ತಮ್ಮ ಯಂತ್ರಕ್ಕೆ ಹತ್ತಿ ಹಾಕುವುದನ್ನು ನಿಲ್ಲಿಸಿದರು. ಉರುಳೆಗಳಲ್ಲಿದ್ದ ಹತ್ತಿ ಪೂರ್ತಿ ಹೊರಗೆ ಬೀಳುವವರೆಗೆ ಕಾದರು. ಒಂದು ಎಳೆಯೂ ಸಿಕ್ಕಿಕೊಳ್ಳಬಾರದು, ಕೆಲಸಗಾರರ ಬುದ್ಧಿ. ಕಲ್ಲವ್ವ ನನ್ನ ಕಿವಿಗೆ ಬಂದಳು. "ಹನ್ನೊಂದು ವರ್ಷ ಅದರ ಬಾಜೂಕ ಕುಂತೀನಿ. ನಂಗ ಯಂತ್ರದ ಗದ್ದಲದಾಗೂ ಕೇಳತೈತಿ ಅದು. ಸರಿ ಅತ್ತಾಗ," ಎಂದವಳು ನನ್ನನ್ನು ದೂಡಿ, ತಾನೇ ಎರಡೂ ಕೈಯಿಂದ ಸ್ವಿಚ್ಚು ಇಳಿಸಿದಳು.

ಬೆಲ್ಟುಗಳು ನಿಧಾನವಾದವು, ತೂಗಾಡಿದವು, ನಿಂತವು. ಫಕ್ಕೀರೇಶ ಟೇಪ್ ಹಚ್ಚಿ, ಅಪ್ಪ ಕೈ ಕಳೆದುಕೊಂಡ ಆರನೆಯ ಯಂತ್ರದ ಮುಂದೆ ಮೈಕು ಇಟ್ಟ. ನಾವು ಮುಂದೆ ಹೆಜ್ಜೆ ಇಟ್ಟೆವು.

"ಲೇ ರಾಚ್ಯಾ, ನಿಲ್ಲಸಲೇ!"

ನಮ್ಮಪ್ಪ. ಆಗಿನ ಮೂವತ್ತೈದರ ಗಂಟಲು. ತಗಡಿನ ಸೂರು ನಡುಗಿತು.

"ರಾಚ್ಯಾ, ನಿನ್ನ ಕೈ ಸ್ವಿಚ್ಚಿನ ಮ್ಯಾಲ ಐತಲ್ಲಲೇ!"

ಮೂರನೆಯದರಲ್ಲಿ ಮಾತಿರಲಿಲ್ಲ. ಮೂರನೆಯದರ ಬಗ್ಗೆ ನಾನು ಹೇಳುವುದಿಲ್ಲ. ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ನಾನೊಂದು ಮರೆತಿದ್ದೆ. ಗಿರಣಿಯ ಗುಂಯ್‌ಗುಡುವಿಕೆ ಹನ್ನೊಂದು ವರ್ಷದಿಂದ ಊರ ಕಿವಿಯಲ್ಲಿತ್ತು, ಯಾರಿಗೂ ಕೇಳಿಸದಷ್ಟು ಅಭ್ಯಾಸವಾಗಿ. ಅದು ನಿಂತದ್ದು ಸಭಾಭವನದಲ್ಲಿ ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತಂತೆ. ಚಿದು ನಡು ಹಾಡಿನಲ್ಲಿದ್ದವನು ಬಾಯಿ ಮುಚ್ಚಿದನಂತೆ. ಸಾಹುಕಾರ ವೇದಿಕೆಯಿಂದ ಇಳಿದು ಓಡಿದನಂತೆ. ಸಾಹುಕಾರ ಓಡುವುದನ್ನು ಕಂಡಿರದ ಊರು ಏನಾಯಿತೆಂದು ನೋಡಲು ಹಿಂದೆಯೇ ಬಂತು. ಸ್ವಲ್ಪ ಹೊತ್ತಿನಲ್ಲೇ ಗಿರಣಿಯ ಬಾಗಿಲು ತುಂಬ ಇಸ್ತ್ರಿ ಮಾಡಿದ ಅಂಗಿಗಳು, ರೇಷ್ಮೆ ಸೀರೆಗಳು. ಒಳಗೆ ಕಾಲಿಟ್ಟವರಿಗೆಲ್ಲ ಕೇಳಿತು. ಯಾರೂ ಹಿಂದೆ ಸರಿಯುವಂತಿರಲಿಲ್ಲ, ಹಿಂದಿನವರು ತಳ್ಳುತ್ತಿದ್ದರು. ಪ್ರತಿ ವರ್ಷ ಅಪ್ಪನ ಕಥೆ ಹೇಳುತ್ತಿದ್ದ ಹೆಡ್‌ಮಾಸ್ಟರು ತಮ್ಮ ಚಪ್ಪಲಿ ನೋಡುತ್ತ ನಿಂತರು. ಹಗ್ಗ ತರಬೇಕಾದ ಸಮಿತಿಯವರಿಗೆ ಹಗ್ಗ ಎಂಬುದೊಂದಿದೆ ಎನ್ನುವುದೇ ಮರೆತಿತ್ತು. ಚಿದು ತನ್ನ ಅಪ್ಪನ ಮುಖ ನೋಡಿದ, ನೋಡುತ್ತಲೇ ಇದ್ದ. ಚಿದುವಿಗೆ ಗೊತ್ತಿರಲಿಲ್ಲ ಎನ್ನುವುದು ಅವನ ಮುಖದಲ್ಲೇ ಇತ್ತು. ಹಾಗೆಂದು ನಾನು ಅವನನ್ನು ಕ್ಷಮಿಸಿಲ್ಲ, ಬರಿದೆ ಹೇಳುತ್ತಿದ್ದೇನೆ.

ಜನರನ್ನು ಸರಿಸಿಕೊಂಡು ಅಪ್ಪ ಮುಂದೆ ಬಂದ. ಆರನೆಯ ಯಂತ್ರದ ಮುಂದೆ ನಿಂತು ಮೂರೂ ಕೂಗನ್ನು ಪೂರ್ತಿ ಕೇಳಿಸಿಕೊಂಡ. "ಇಷ್ಟು ಜೋರಿತ್ತೇನೋ ನಂದು?" ಎಂದು ನನ್ನನ್ನು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಅವನ ಮುಖ ನೋಡಿಯೇ ತಲೆಯಾಡಿಸಿದೆ.

ಸಾಹುಕಾರ ಸ್ವಿಚ್ಚಿನ ಕಡೆ ಬಂದ. ಅದರ ಮುಂದೆ ಕಲ್ಲವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ಅವಳ ಸುತ್ತ ಉಳಿದ ಹೆಂಗಸರು. ಸಾಹುಕಾರ ಬಾಗಿ ಏನೋ ಹೇಳಿದ, ಸ್ವಿಚ್ಚು ಎತ್ತಿರಿ ಎಂದಿರಬೇಕು. ಅವನ ಆ ಮೆತ್ತನೆಯ ಧ್ವನಿ ಅಪ್ಪನ ಕೂಗಿನ ಕೆಳಗೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಮತ್ತೆ ಹೇಳಿದ. ಕಲ್ಲವ್ವ ಕಿವಿಗೆ ಕೈ ಅಡ್ಡ ಹಿಡಿದಳು.

"ಕೇಳ್ಸವಲ್ದ್ರೀ ಸಾಹುಕಾರ್ರ. ಸ್ವಲ್ಪ ಜೋರ ಹೇಳ್ರಿ!"

ಹೆಂಗಸರಲ್ಲಿ ಯಾರೋ ನಕ್ಕರು. ಊರೆಲ್ಲ ಸಾಹುಕಾರನ ಬಾಯಿಯನ್ನೇ ನೋಡುತ್ತಿತ್ತು. ಕೂಗಿದರೆ ಅದು ಅಪ್ಪನ ಕೂಗಿನ ಪಕ್ಕದಲ್ಲೇ ನಿಲ್ಲುತ್ತದೆ, ಒಂದು ಕೇಳಿದವರೆಲ್ಲ ಇನ್ನೊಂದನ್ನೂ ಕೇಳುತ್ತಾರೆ. ಕೂಗದಿದ್ದರೆ ಗಿರಣಿ ತಿರುಗುವುದಿಲ್ಲ. ಅವನು ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು. ಹನ್ನೊಂದು ವರ್ಷದ ಹಿಂದೆ ಅದೇ ಜಾಗದಲ್ಲಿ ಎಷ್ಟು ಹೊತ್ತು ನಿಂತಿದ್ದನೋ ಅಷ್ಟೇ ಹೊತ್ತು ಹಾಗೆಯೇ ನಿಂತ. ಆಮೇಲೆ ಬಾಯಿ ಮುಚ್ಚಿದ.

ಟೇಪ್ ತಿರುಗುತ್ತಲೇ ಇತ್ತು. ಜೋರು ತಟ್ಟೆಯ ಎಂಟನೆಯ ಹಾಡು ಅದೇ. ಅದರಲ್ಲಿ ನಾನು ಹಾಡಿಲ್ಲ, ಗಿಟಾರು ಇಲ್ಲ, ಡ್ರಮ್ಮು ಇಲ್ಲ. ಮೂರು ಕೂಗು, ಕಲ್ಲವ್ವನ ಒಂದು ಮಾತು, ಯಾರದೋ ನಗು. ಅದರ ಮೇಲೆ ಮತ್ತೆ ಮೂರು ಕೂಗು.